ಹೊಟ್ಟೆನೋವಿಗೆ ಹರಳೆಣ್ಣೆ

ನನ್ನ ಮಾವನವರ ಬಲಗೈಯ ಹೆಬ್ಬೆರಳು ಚಪ್ಪಟೆಯಾಗಿತ್ತು. ಅದರ ಉಗುರು ತೆಂಗಿನ ಚಿಪ್ಪಿನ ಚೂರಿನ ಹಾಗೆ ದಪ್ಪಗೆ, ಬೂದು ಬಣ್ಣಕ್ಕಿತ್ತು. ಆ ಬೆರಳಿನಿಂದ ಅವರು ದಿನಾ ಬೆಳಿಗ್ಗೆ ಮನೆಯವರ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಒಳಗಿನ ಕೆಂಪು ನೋಡುತ್ತಿದ್ದರು. ಆಮೇಲೆ ನಾಲಗೆ. ಹಿತ್ತಿಲ ಬಾಗಿಲಿನ ಬೆಳಕಿನಲ್ಲಿ ಅತ್ತೆ, ನನ್ನ ಗಂಡ, ಮೈದುನ, ಕೊನೆಗೆ ನಾನು ಸಾಲಾಗಿ ನಿಂತು ನಾಲಗೆ ಚಾಚಬೇಕು. ಸೊಸೆ ಎಂಬ ಸಂಕೋಚಕ್ಕೆ ನನ್ನ ರೆಪ್ಪೆಯನ್ನು ಮಾತ್ರ ನಾನೇ ಎಳೆದು ತೋರಿಸಬೇಕಾಗಿತ್ತು.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ನಾನು ಮಂಡಿ ಮೊಹಲ್ಲಾದ ಆ ಮನೆಗೆ ಸೊಸೆಯಾಗಿ ಹೋದೆ. ಮೊದಲನೆಯ ಬೆಳಿಗ್ಗೆ, ತಲೆಯ ಹೂವು ಇನ್ನೂ ಬಾಡಿರಲಿಲ್ಲ, ಸಾಲಿನ ಕೊನೆಗೆ ನನ್ನನ್ನು ನಿಲ್ಲಿಸಿದರು.

"ನಾಲಗೆ ಚಾಚಮ್ಮ."

ಚಾಚಿದೆ. ಅವರು ನನ್ನ ಮುಖ ನೋಡಲಿಲ್ಲ, ನಾಲಗೆಯನ್ನೇ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಮದುವೆಮನೆ ಲಾಡು ಇನ್ನೂ ಹೊಟ್ಟೇಲೇ ಕೂತಿದೆ. ಮಧ್ಯಾಹ್ನ ಇವಳಿಗೆ ಊಟ ಬೇಡ" ಎಂದರು. ಆ ಮನೆಯಲ್ಲಿ ನನಗಾದ ಸ್ವಾಗತ ಅದು.

ಅವರು ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ನಿವೃತ್ತಿಗೆ ಹತ್ತಿರವಾಗಿದ್ದರೂ ಕಾಲಿನ ಮೀನಖಂಡ ಹಗ್ಗ ಹೊಸೆದ ಹಾಗಿತ್ತು. ಬೆಳಕು ಹರಿಯುವ ಮೊದಲೇ ತಣ್ಣೀರು ಸ್ನಾನ, ಲಿಂಗಪೂಜೆ, ವಿಭೂತಿ. ಆಮೇಲೆ ನಮ್ಮ ನಾಲಗೆ. ಅದಾದ ಮೇಲೆ ಬೀದಿಯ ಜನಕ್ಕೆ ಜಗಲಿಯ ಮೇಲೆ ಸ್ವಲ್ಪ ಹೊತ್ತು ಸಲಹೆ. ರಜೆಯ ದಿನವಾದರೆ ಅಲ್ಲಿಂದ ನೇರ ಚಾಮುಂಡಿ ಬೆಟ್ಟದ ಮೆಟ್ಟಿಲು. ಮಳೆ, ಚಳಿ, ಹಬ್ಬ, ಯಾವುದಕ್ಕೂ ಈ ಕ್ರಮ ಬದಲಾಗುತ್ತಿರಲಿಲ್ಲ. ಮನೆಯಲ್ಲಿ ಕಾಫಿ ಇಲ್ಲ. ಊಟದ ನಡುವೆ ನೀರಿಲ್ಲ. ಹಗಲು ನಿದ್ದೆ ಎಂಬುದು ಕಳ್ಳತನಕ್ಕೆ ಸಮಾನ. ಕೂತರೆ ಬೆನ್ನು ಗೋಡೆಗೆ ಒರಗಬಾರದು. ತಿಂಗಳಿಗೊಂದು ಭಾನುವಾರ ಎಲ್ಲರಿಗೂ ಹರಳೆಣ್ಣೆ. ಶುಂಠಿ ಕಷಾಯದಲ್ಲಿ ಬೆರೆಸಿ ಅತ್ತೆ ಲೋಟ ಲೋಟ ತಂದಿಡುವರು, ಮಾವನವರು "ಒಂದು, ಎರಡು" ಎಂದೊಡನೆ ಎಲ್ಲರೂ ಒಟ್ಟಿಗೆ ಎತ್ತಿ ಕುಡಿಯಬೇಕು. ಅಂದು ಮಧ್ಯಾಹ್ನ ಮೆಣಸಿನ ಸಾರು, ಮೆತ್ತಗಿನ ಅನ್ನ. ಆಗಿನ ಕಾಲಕ್ಕೆ ಹರಳೆಣ್ಣೆ ಎಲ್ಲ ಮನೆಗಳಲ್ಲೂ ಇತ್ತು. ಕವಾಯತು ನಮ್ಮ ಮನೆಯಲ್ಲಿ ಮಾತ್ರ ಇತ್ತು.

ಕಾಯಿಲೆ ಬಿದ್ದವರ ಮೇಲೆ ಅವರಿಗೆ ಕನಿಕರವಿರಲಿಲ್ಲ. ಕಾಯಿಲೆ ಎಂದರೆ ಎಲ್ಲೋ ಶಿಸ್ತು ತಪ್ಪಿದ್ದಕ್ಕೆ ಶರೀರ ಬರೆದುಕೊಟ್ಟ ತಪ್ಪೊಪ್ಪಿಗೆ ಎಂದು ಅವರ ನಂಬಿಕೆ. ಒಮ್ಮೆ ನನಗೆ ಚಳಿಜ್ವರ ಬಂದು ಹಲ್ಲು ಕಟಕಟ ಎನ್ನುತ್ತಿದ್ದಾಗ ಬಾಗಿಲಲ್ಲಿ ನಿಂತು, "ಏನು ತಿಂದೆ? ಯಾವಾಗ ಬೆವರಲ್ಲೇ ನೀರು ಹುಯ್ಕೊಂಡೆ? ನೆನಪು ಮಾಡ್ಕೊ. ನೆನಪಾಗೋವರೆಗೂ ಗಂಜಿ ಇಲ್ಲ" ಎಂದಿದ್ದರು. ನನಗೆ ನೆನಪಾಗಲಿಲ್ಲ. ಸಂಜೆ ಸುಳ್ಳು ಹೇಳಿ ಗಂಜಿ ಕುಡಿದೆ.

ಹೀಗಿದ್ದರೂ ಬೀದಿಯ ಗಂಡಸರು ಅವರ ಹತ್ತಿರ ಬರುತ್ತಿದ್ದರು. ಬಂದು ಬೈಸಿಕೊಂಡು ಹೋಗುತ್ತಿದ್ದರು. ಮೆಣಸಿನಕಾಯಿ ಮಂಡಿಯ ಯಜಮಾನರೊಬ್ಬರು ಏದುಸಿರು ಬಿಡುತ್ತಾ ಬಂದು ನಿಂತರೆ, "ನಿಮ್ಮ ಹೊಟ್ಟೆ ನೋಡಿದ್ರೆ ಹೆರಿಗೆ ನಿಮಗೋ ನಿಮ್ಮ ಹೆಂಡ್ತಿಗೋ ಗೊತ್ತಾಗಲ್ಲ ಕಣ್ರೀ. ಗಾಡಿ ಬಿಟ್ಟು ಅಂಗಡಿಗೆ ನಡ್ಕೊಂಡು ಹೋಗಿ" ಎನ್ನುವರು. ಮೂಟೆ ಹೊರುವವನೊಬ್ಬ ಕೆಮ್ಮಿಕೊಂಡು ಬಂದಾಗ, "ಬೀಡಿ ಬುಡು. ಮೆಣಸಿನಕಾಯಿ ಮೂಟೆ ಹೊರೋವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಕೊ. ಮನೇಲಿ ಮಗು ಪಕ್ಕ ಕೂತು ಸೇದ್ತೀಯಲ್ಲ, ಅದಕ್ಕೂ ಒಂದು ಬೀಡಿ ಹಚ್ಚಿಕೊಡು, ಸರಿಹೋಗುತ್ತೆ" ಎಂದರು. ಹೆಂಡತಿ ವರ್ಷವರ್ಷವೂ ಬಸುರಾಗಿ ಬಿಳಿಚಿಕೊಂಡಿದ್ದಾಳೆ, ಟಾನಿಕ್ಕು ಯಾವುದು ಕೊಡಲಿ ಎಂದು ಕೇಳಿದ ಗುಮಾಸ್ತನಿಗೆ, "ಟಾನಿಕ್ಕು ಬೇಡ. ನೀನು ಜಗಲಿ ಮೇಲೆ ಮಲ್ಕೊ" ಎಂದರು. ಎದುರು ಮನೆಯ ಹೆಂಗಸರು ಕಿಟಕಿಯ ಹಿಂದೆ ಸೆರಗು ಬಾಯಿಗೆ ಒತ್ತಿ ನಕ್ಕಿದ್ದು ನಮಗೆ ಕೇಳಿಸಿತು.

ಅವರು ಹೇಳುತ್ತಿದ್ದುದರಲ್ಲಿ ಬಹಳ ಭಾಗ ಸರಿಯಾಗಿಯೇ ಇತ್ತು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ವಾಂತಿಭೇದಿಯ ಜಾಡ್ಯ ಬಂದ ವರ್ಷ ಅವರು ಬೀದಿಯ ಒಂದೊಂದು ಬಾಗಿಲು ತಟ್ಟಿ, "ನೀರು ಕುದಿಸಿದ್ರಾ?" ಎಂದು ಕೇಳಿ, ಇಲ್ಲವೆಂದರೆ ಕೊಡವನ್ನೇ ಚರಂಡಿಗೆ ಬೋರಲು ಹಾಕಿದರು. ಬೈಗುಳ ತಿಂದರು. ನಮ್ಮ ಸಾಲಿನ ಮನೆಗಳಲ್ಲಿ ಯಾರೂ ಸಾಯಲಿಲ್ಲ. ಆದ್ದರಿಂದ ಅವರ ಮಾತನ್ನು ಜನ ನಂಬಿದರು. ನಾವೂ ನಂಬಿದೆವು. ಆಪತ್ತು ಅಲ್ಲಿಯೇ ಇತ್ತು.

ನನ್ನ ಮೈದುನ ಕಾಲೇಜಿಗೆ ಹೋಗುತ್ತಿದ್ದ. ಆ ಮನೆಯಲ್ಲಿ ಗಟ್ಟಿಯಾಗಿ ನಗುತ್ತಿದ್ದವನು ಅವನೊಬ್ಬನೇ. ಬೆಳಗಿನ ನಾಲಗೆ ಪರೀಕ್ಷೆಗೆ ಮೊದಲು ದಾಳಿಂಬೆ ಕಾಳು ಅಗಿದು, ನಾಲಗೆ ಕೆಂಪಗೆ ಮಾಡಿಕೊಂಡು ಬಂದು ನಿಂತು, ಅಪ್ಪನಿಂದ ಬೆತ್ತದ ರುಚಿ ನೋಡಿದವನು. ಶನಿವಾರ ಸಂಜೆ ಗೆಳೆಯರ ಜೊತೆ ಕದ್ದು ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಬಂದು, ನನ್ನ ಹತ್ತಿರ ಮಾತ್ರ, "ಅತ್ತಿಗೆ, ಬಾಯಿ ವಾಸನೆ ನೋಡಿ, ಈರುಳ್ಳಿ ಗೊತ್ತಾಗುತ್ತಾ?" ಎಂದು ಕೇಳುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಅವನು ಸಾಲಿನಲ್ಲಿ ಸೊಂಟ ಬಗ್ಗಿಸಿ ನಿಂತ. ಹೊಕ್ಕುಳ ಸುತ್ತ ನೋವು ಎಂದ. ರಾತ್ರಿ ಒಮ್ಮೆ ವಾಂತಿಯಾಗಿತ್ತು. ಮಾವನವರು ನಾಲಗೆ ನೋಡಿ, "ಹೋಟೆಲಿಗೆ ಹೋಗಿದ್ಯಾ?" ಎಂದರು.

ಅವನು ನಾಲಗೆ ಒಳಕ್ಕೆ ಎಳೆದುಕೊಂಡ.

"ನಿನ್ನ ಬಾಯಿ ಹೇಳದಿದ್ರೂ ನಾಲಗೆ ಹೇಳ್ತಿದೆ ಕಣೋ. ಹೋಟ್ಲು ಆಲೂಗೆಡ್ಡೆ ಕರುಳಲ್ಲಿ ಕೂತಿದೆ." ಅತ್ತೆಗೆ, "ಹರಳೆಣ್ಣೆ ಕೊಡು. ದೊಡ್ಡ ಲೋಟದಲ್ಲಿ" ಎಂದು ಹೇಳಿ, ಅಂಗವಸ್ತ್ರ ಹೆಗಲಿಗೆ ಹಾಕಿಕೊಂಡು ಬೆಟ್ಟಕ್ಕೆ ಹೊರಟುಬಿಟ್ಟರು.

ಆಗ ನಡೆದದ್ದನ್ನು ನಾನು ಅಡುಗೆಮನೆಯ ಹೊಸಿಲಿನಿಂದ ನೋಡಿದೆ. ಅತ್ತೆ ಕಷಾಯ ಕಾಯಿಸಿ ಎಣ್ಣೆ ಬೆರೆಸಿ ತಂದರು. ಮೈದುನ ಬೇಡ ಎಂದ. ನೋವು ಈಗ ಕೆಳಗೆ ಬಲಗಡೆ ಬಂದಿದೆ, ಕಾಲು ನೀಡಿದರೆ ಎಳೆಯುತ್ತದೆ, ಮುಟ್ಟಬೇಡ ಎಂದ. ಅತ್ತೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕುಡಿ ನನ್ನಪ್ಪ. ನಿಮ್ಮಪ್ಪ ಬರೋದ್ರೊಳಗೆ ಕುಡಿದ್ಬುಡು. ಇಲ್ದಿದ್ರೆ ಅವರ ಕೈಲಿ ಕುಡೀಬೇಕಾಗುತ್ತೆ" ಎಂದು ಮೂಗು ಹಿಡಿದು ಲೋಟ ಬಗ್ಗಿಸಿದರು. ಅವನು ತಾಯಿಯ ಮೇಲಿನ ಪ್ರೀತಿಗೆ ಕುಡಿದ. ಗಂಡನ ಮೇಲಿನ ಹೆದರಿಕೆಗೆ ಅತ್ತೆ ಕುಡಿಸಿದರು.

ಸ್ವಲ್ಪ ಹೊತ್ತಿಗೆ ಅವನು ಚಾಪೆಯ ಮೇಲೆ ಹೊರಳಾಡಿದ. ಮಧ್ಯಾಹ್ನದ ಹೊತ್ತಿಗೆ ಒಂದು ದೊಡ್ಡ ಕೂಗು ಹಾಕಿದ. ಆಮೇಲೆ ನೋವು ನಿಂತುಹೋಯಿತು. ಬೆವರು ಒರೆಸಿಕೊಂಡು, "ಅತ್ತಿಗೆ, ಹೋಯ್ತು" ಎಂದು ನಕ್ಕ. ಬೆಟ್ಟದಿಂದ ಬಂದ ಮಾವನವರು ಅತ್ತೆಯ ಕಡೆ ನೋಡಿ, "ನೋಡ್ದ್ಯಾ?" ಎಂದರು. ಅಷ್ಟೇ. ಆ ಒಂದು ಮಾತಿನಲ್ಲಿದ್ದ ಹೆಮ್ಮೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಸಂಜೆಗೆ ಅವನ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಜ್ವರ ಏರಿತು. ಮೂಗು ಚೂಪಾಗಿ, ಕಣ್ಣು ಒಳಕ್ಕೆ ಹೋಗಿತ್ತು. ನನ್ನ ಗಂಡ, "ಅಪ್ಪಾ, ಆಸ್ಪತ್ರೆಗೆ ಕರ್ಕೊಂಡು ಹೋಗೋಣ" ಎಂದರು.

"ಎಣ್ಣೆ ಕೆಲಸ ಮಾಡಿದೆ. ಈಗ ಕರುಳು ದಣಿದಿದೆ. ಉಪವಾಸ ಇರಲಿ, ಬೆಳಿಗ್ಗೆ ನೋಡೋಣ."

"ಬೆಳಿಗ್ಗೆವರೆಗೂ..."

"ನಾನು ಹೇಳಿದ್ದು ಕೇಳಿಸ್ತಲ್ಲ?"

ಕೇಳಿಸಿತ್ತು. ಮನೆಯಲ್ಲಿ ಗಂಡಸು ಹೆಂಗಸು ಎಲ್ಲರಿಗೂ ಕೇಳಿಸಿತ್ತು. ಆದ್ದರಿಂದಲೇ ಯಾರೂ ಏಳಲಿಲ್ಲ.

ಬೆಳಿಗ್ಗೆ ಪಕ್ಕದ ಓಣಿಯ ಜಟಕಾ ಸಾಹೇಬರು ಗಾಡಿ ಕಟ್ಟಿದರು. ಆಸ್ಪತ್ರೆಯಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು ತಕ್ಷಣ ತೆಗೆದರು. "ಭೇದಿಯಾಗ್ಲಿ ಅಂತ ಏನಾದ್ರೂ ಕೊಟ್ರಾ?"

ಅತ್ತೆಯ ಬಾಯಿ ತೆರೆಯಿತು. ಅದಕ್ಕೆ ಮೊದಲೇ ಮಾವನವರು ಮುಂದೆ ಬಂದು, ಡ್ರಿಲ್ಲಿನಲ್ಲಿ ನಿಲ್ಲುವ ಹಾಗೆ ಕೈ ಎರಡೂ ತೊಡೆಗೆ ಸೇರಿಸಿ ನಿಂತು, "ಹರಳೆಣ್ಣೆ. ನಾನು ಕುಡಿಸಿದೆ" ಎಂದರು.

"ಅಪೆಂಡಿಕ್ಸ್ ಅಂತ ಕರುಳಿಗೆ ಒಂದು ಸಣ್ಣ ಬಾಲ ಇರುತ್ತೆ ಯಜಮಾನ್ರೇ. ಅದು ಕೀವು ತುಂಬಿ ಊದ್ಕೊಂಡಿತ್ತು. ಅದರ ಮೇಲೆ ಎಣ್ಣೆ ಹುಯ್ದು ಕರುಳನ್ನ ಹಿಂಡಿಸಿದ್ದೀರಿ. ಒಡೆದಿದೆ. ಕೀವೆಲ್ಲ ಹೊಟ್ಟೆ ತುಂಬ ಹರಡಿದೆ. ನಿನ್ನೆ ಬೆಳಿಗ್ಗೆ ಏನೂ ಕೊಡದೆ ಹಾಗೇ ಕರ್ಕೊಂಡು ಬಂದಿದ್ರೆ ಕೊಯ್ದು ತೆಗೆದು, ಮುಂದಿನ ವಾರ ಮನೆಗೆ ಕಳಿಸ್ತಿದ್ದೆ."

"ನೋವು ನಿಂತಿತ್ತಲ್ಲ?"

"ಒಡೆದಾಗ ನಿಲ್ಲುತ್ತೆ" ಎಂದರು ಡಾಕ್ಟರು. "ಸ್ವಲ್ಪ ಹೊತ್ತು."

ಕೊಯ್ದರು. ಮೈದುನ ಕೆಲವು ದಿನ ಬದುಕಿದ್ದ. ಒಂದು ಸಂಜೆ ಪ್ರಜ್ಞೆ ಚೆನ್ನಾಗಿತ್ತು, ಮಂಚದ ಪಕ್ಕದಲ್ಲಿ ಬೆನ್ನು ನೆಟ್ಟಗೆ ಕೂತಿದ್ದ ತಂದೆಯನ್ನು ನೋಡಿ, "ಅಪ್ಪಾ, ನಾಲಗೆ ನೋಡ್ತೀರಾ?" ಎಂದು ಕೇಳಿ ಚಾಚಿದ. ನಾಲಗೆ ಒಣಗಿ, ಕಂದು ಬಣ್ಣಕ್ಕೆ ತಿರುಗಿ ಸೀಳುಬಿಟ್ಟಿತ್ತು. ಗೇಲಿಗೆ ಕೇಳಿದನೋ, ಅಭ್ಯಾಸಬಲದಿಂದ ಕೇಳಿದನೋ ನನಗೆ ತಿಳಿಯದು. ಮಾವನವರು ಬಗ್ಗಿ ಎಂದಿನಂತೆ ನೋಡಿದರು.

"ಚೆನ್ನಾಗಿದೆ" ಎಂದರು.

ಯಾರ ನಾಲಗೆಗೂ ಅವರು ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹುಡುಗ ಅದನ್ನು ಕೇಳಿ ಕಣ್ಣು ಮುಚ್ಚಿಕೊಂಡ. ಮಾರನೆಯ ದಿನ ಹೋದ.

ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಮಾವನವರು ಎಂದಿನ ಹೊತ್ತಿಗೆ ಎದ್ದು ತಣ್ಣೀರು ಹುಯ್ದುಕೊಂಡರು. ಪೂಜೆ ಮಾಡಿದರು. ನಮ್ಮ ಸಾಲನ್ನು ಮಾತ್ರ ಕರೆಯಲಿಲ್ಲ. ಆಮೇಲೆ ಎಂದೂ ಕರೆಯಲಿಲ್ಲ. ಬೆಟ್ಟಕ್ಕೆ ಹೋದರು. "ಕಲ್ಲು ಕಣಮ್ಮ, ಕಲ್ಲಿಗಾದ್ರೂ ಬೆವರು ಬರುತ್ತೆ" ಎಂದು ನೆಂಟರ ಹೆಂಗಸೊಬ್ಬರು ಅವರಿಗೆ ಕೇಳಿಸುವ ಹಾಗೆಯೇ ಹೇಳಿದರು. ಅವರು ಚಪ್ಪಲಿ ಮೆಟ್ಟಿಕೊಂಡು ನಡೆದರು.

ಬಹಳ ದಿನ ಜಗಲಿಗೆ ಯಾರೂ ಬರಲಿಲ್ಲ. ಮಗನನ್ನು ಕಳೆದುಕೊಂಡವರ ಹತ್ತಿರ ಆರೋಗ್ಯದ ಮಾತು ಕೇಳುವುದು ಹೇಗೆ? ಮೊದಲು ಬಂದವನು ಆ ಮೂಟೆ ಹೊರುವವನು. ಹೆಂಡತಿಗೆ ಹೊಟ್ಟೆನೋವು, ಏನು ಕೊಡಲಿ ಎಂದ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ತಲೆ ಕೆರೆದುಕೊಂಡ. ಮಾವನವರು ಎದ್ದು ನಿಂತರು. ಶಾಲೆಯ ಮೈದಾನದಲ್ಲಿ ಕೂಗುವ ಗಂಟಲಿನಲ್ಲಿ, ಬೀದಿಯ ಎರಡೂ ತುದಿಗೆ ಕೇಳಿಸುವ ಹಾಗೆ ಹೇಳಿದರು:

"ಹೊಟ್ಟೆನೋವಿಗೆ ಹರಳೆಣ್ಣೆ ಕೊಡಬಾರದು. ಭೇದಿಯಾಗೋ ಹಾಗೆ ಏನೂ ಕೊಡಬಾರದು. ಆಸ್ಪತ್ರೆಗೆ ಹೋಗಬೇಕು. ನಾನು ನನ್ನ ಮಗನಿಗೆ ಕುಡಿಸಿ ಕೊಂದೆ."

ಒಳಗೆ ಅತ್ತೆಯ ಕೈಯಿಂದ ಮೊರ ಬಿದ್ದು ಅಕ್ಕಿಯೆಲ್ಲ ಚೆಲ್ಲಿತು.

ಅಂದಿನಿಂದ ಅದು ಅವರ ದಿನಚರಿಗೆ ಸೇರಿತು. ಕೆಮ್ಮಿಗೆ ಕೇಳಲು ಬಂದವನಿಗೂ ಕೆಮ್ಮಿನ ಮಾತು ಮುಗಿಸಿ ಇದನ್ನು ಹೇಳಿ ಕಳಿಸುವರು. ನಾಮಕರಣಕ್ಕೆ ಕರೆದರೆ, ತೊಟ್ಟಿಲ ಮುಂದೆ ನಿಂತು, ಮಗುವಿನ ತಂದೆಗೆ ಹೇಳುವರು. ಮದುವೆಯ ಊಟದ ಸಾಲಿನಲ್ಲಿ ಹೇಳಿದರು. ಜನ ಅವರನ್ನು ಕರೆಯುವುದು ಬಿಟ್ಟರು; ಕರೆಯದಿದ್ದರೆ ಇವರೇ ಅವರ ಬಾಗಿಲಿಗೆ ಹೋಗಿ ಹೇಳಿ ಬಂದರು. ಮಾತಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಅಳು ಇಲ್ಲ. ಧ್ವನಿ ಇಳಿಯುತ್ತಿರಲಿಲ್ಲ.

ಮಂಡಿಯ ಪಡ್ಡೆ ಹುಡುಗರಿಗೆ ಅದು ತಮಾಷೆಯಾಯಿತು. ಒಂದು ದಿನ ನಾನೂ ಅತ್ತೆಯೂ ಮಾವನವರ ಜೊತೆ ಬರುತ್ತಿದ್ದಾಗ, ಅಂಗಡಿ ಮುಂದಿನ ಮೂಟೆಗಳ ಮೇಲೆ ಕೂತಿದ್ದ ಒಬ್ಬ ಎದೆ ಉಬ್ಬಿಸಿ, ಅದೇ ಗಂಟಲಿನಲ್ಲಿ, "ಹರಳೆಣ್ಣೆ ಕೊಡಬಾರದು! ನಾನು ನನ್ನ ಮಗನ್ನ ಕೊಂದೆ!" ಎಂದು ಕೂಗಿದ. ಉಳಿದವರು ಬಿದ್ದು ಬಿದ್ದು ನಕ್ಕರು. ಮಾವನವರು ನಿಂತರು. ನೇರ ಅವನ ಮುಂದೆ ಹೋದರು. ಹೊಡೆಯುತ್ತಾರೆ ಎಂದುಕೊಂಡೆ.

"'ಹೊಟ್ಟೆನೋವಿಗೆ' ಅನ್ನೋದು ಬಿಟ್ಬುಟ್ಟೆ" ಎಂದರು. "ಅದು ಮುಖ್ಯ. ಇನ್ನೊಂದ್ಸಲ ಹೇಳು."

ನಗು ನಿಂತಿತು.

"ಹೇಳು ಅಂದೆ."

ಅವನು ತಡವರಿಸಿಕೊಂಡು ಪೂರ್ತಿ ಹೇಳಿದ. "ಆಸ್ಪತ್ರೆಗೆ ಹೋಗಬೇಕು" ಎಂಬುದನ್ನೂ ಸೇರಿಸಿ ಮತ್ತೊಮ್ಮೆ ಹೇಳಿಸಿದರು. "ಸರಿ. ಹೀಗೇ ಕೂಗು" ಎಂದು ಹೊರಟರು. ಅತ್ತೆ ಅಷ್ಟು ಹೊತ್ತೂ ನೆಲ ನೋಡುತ್ತಾ ನಿಂತಿದ್ದರು. ಮಗನ ಸಾವನ್ನು ಬೀದಿಯಲ್ಲಿ ಪಾಠ ಒಪ್ಪಿಸಿದ ಹಾಗೆ ಹೇಳಿಸುವುದನ್ನು ಒಬ್ಬ ತಾಯಿ ಕೇಳಬೇಕಾಯಿತು. ಇದಕ್ಕಿಂತ ಕ್ರೂರವಾದದ್ದನ್ನು ನಾನು ಕಂಡಿಲ್ಲ.

ಅದರ ಫಲವನ್ನೂ ಕಂಡೆ. ಜಟಕಾ ಸಾಹೇಬರು ಒಂದು ಬೆಳಿಗ್ಗೆ ಮಗಳನ್ನು ತೋಳಿನಲ್ಲಿ ಎತ್ತಿಕೊಂಡು ಓಡಿಬಂದರು. "ಮೇಷ್ಟ್ರೇ, ಬಲಗಡೆ ಅಂತಾಳೆ. ಇವರಜ್ಜಿ ಎಣ್ಣೆ ಬಾಟ್ಲಿ ತೆಗೆದ್ರು, ನಾನು ಕಿತ್ಕೊಂಡು ಬಂದೆ." ಮಾವನವರು ಪೂಜೆಯ ಅರ್ಧದಲ್ಲಿ ಎದ್ದು, ಒದ್ದೆ ಪಂಚೆಯಲ್ಲೇ ಜಟಕಾ ಹತ್ತಿದರು. ಪೂಜೆಯನ್ನು ಅವರು ಅರ್ಧಕ್ಕೆ ಬಿಟ್ಟದ್ದು ಅದೊಂದೇ ಸಲ. ಕೊಯ್ದರು, ಹುಡುಗಿ ಉಳಿದಳು. ಸಾಹೇಬರು ಕೈಮುಗಿದು ಅಳುತ್ತಾ ನಿಂತಾಗ ಮಾವನವರು, "ನನ್ನ ಮುಂದೆ ಏನಕ್ಕೆ ಅಳ್ತೀರಿ? ಕುದುರೆ ಬಿಸಿಲಲ್ಲಿ ನಿಂತಿದೆ, ನೀರು ಕುಡಿಸಿ ಹೋಗಿ" ಎಂದರು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಬಡಿಸುವ ಕೈ ನಿಲ್ಲಿಸಿದರು. ನಾನು ಪಾತ್ರೆ ಹಿಡಿದು ಹಿಂದೆ ನಿಂತಿದ್ದೆ. ಗಂಡನ ಮುಂದೆ ಅವರು ದನಿಯೆತ್ತಿದ್ದನ್ನು ಮೊದಲ ಸಲ ಕೇಳಿದೆ.

"ಸಾಕು ಮಾಡಿ. ದಿನಾ ಬೆಳಿಗ್ಗೆ ಅವನನ್ನ ಸಾಯಿಸ್ಬೇಡಿ. ನಾನು ಬಾಗಿಲ ಹಿಂದೆ ಇರ್ತೀನಿ, ಕೇಳಿಸುತ್ತೆ ನನಗೆ."

"ಕೇಳಿಸ್ಲಿ. ಒಂದು ಹುಡುಗಿ ಇವತ್ತು ಉಳೀತು."

"ಹಾಗಾದ್ರೆ ನಿಜ ಹೇಳಿ. ನಾನು ಕುಡಿಸ್ದೆ, ನಾನು ಕುಡಿಸ್ದೆ ಅಂತೀರಲ್ಲ, ನೀವು ಬೆಟ್ಟದ ಮೇಲಿದ್ರಿ. ಮೂಗು ಹಿಡಿದು ಕುಡಿಸಿದವಳು ನಾನು. ಅವನು ಬೇಡ ಬೇಡ ಅಂದ."

ಮಾವನವರು ಎಲೆಯಿಂದ ತಲೆಯೆತ್ತಲಿಲ್ಲ.

"ನೀನು ಬರೀ ಕೈ" ಎಂದರು. "ಮಾತು ನಂದು. ಕೈಗೆ ಪಾಪ ಇಲ್ಲ. ಅನ್ನ ಬಡಿಸು."

ಅತ್ತೆ ಬಡಿಸಿದರು. ಅವಮಾನವೋ ಕ್ಷಮೆಯೋ ಎಂದು ಆ ಮಾತನ್ನು ನಾನು ಬಹಳ ವರ್ಷ ಅಳೆದು ನೋಡಿದ್ದೇನೆ. ಮಾವನವರು ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ ಕೊಡಬಲ್ಲವರಾಗಿದ್ದರು.

ಮಾವನವರಲ್ಲಿ ನನಗಿರುವ ಸಾಲ ದೊಡ್ಡದು. ತವರಿನಲ್ಲಿ ಬಿಸಿಲೇರಿದ ಮೇಲೆ ಏಳುತ್ತಿದ್ದ ನನ್ನನ್ನು ಹೊತ್ತಿಗೆ ಮುಂಚೆ ಎಬ್ಬಿಸಿದವರು ಅವರು. ಇವತ್ತಿಗೂ ನಾನು ಅದೇ ಹೊತ್ತಿಗೆ ಏಳುತ್ತೇನೆ, ಬೆನ್ನು ಒರಗಿಸದೆ ಕೂರುತ್ತೇನೆ, ನೀರು ಕುದಿಸದೆ ಕುಡಿಯುವುದಿಲ್ಲ. ನನ್ನ ಜೊತೆಯವರು ಕೋಲು ಹಿಡಿದಾಗ ನಾನು ಮಾರುಕಟ್ಟೆಗೆ ನಡೆದು ಹೋಗಿ ಬರುತ್ತಿದ್ದೆ. ನನ್ನ ಮಕ್ಕಳಿಗೆ ಹೊಟ್ಟೆನೋವು ಬಂದಾಗಲೆಲ್ಲ ಏನನ್ನೂ ಬಾಯಿಗೆ ಹಾಕದೆ ಡಾಕ್ಟರ ಹತ್ತಿರ ಓಡಿದ್ದೇನೆ. ಬಹಳ ಸಲ ಬರೀ ವಾಯು ಎಂದು ಅವರು ನಕ್ಕು ಕಳಿಸಿದ್ದಾರೆ. ನಗಲಿ. ಈ ಶರೀರದ ಗಟ್ಟಿತನವೆಲ್ಲ ಮಾವನವರದು. ಅವರನ್ನು ಪ್ರೀತಿಸಿದೆನೇ ಎಂದು ಕೇಳಿದರೆ ಇಲ್ಲ ಎಂದೇ ಹೇಳಬೇಕು.

ಅರವತ್ತರ ದಶಕದ ನಡುವಿನಲ್ಲಿ ಒಂದು ಬೆಳಿಗ್ಗೆ ಅವರು ಬೆಟ್ಟದಿಂದ ಬಂದು, ಕಾಲು ತೊಳೆದು, ಬಿಸಿನೀರು ಕೇಳಿ ಕುಡಿದು, "ಸ್ವಲ್ಪ ಮಲಗ್ತೀನಿ" ಎಂದರು. ಹಗಲು ಹೊತ್ತಿನಲ್ಲಿ ಅವರು ಮಲಗಿದ್ದನ್ನು ನಾವು ಕಂಡಿರಲಿಲ್ಲ. ನನ್ನ ಗಂಡ ಚಪ್ಪಲಿ ಕೂಡ ಮೆಟ್ಟದೆ ಡಾಕ್ಟರ ಮನೆಗೆ ಓಡಿದರು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವ ಪದ್ಧತಿ. ಕೂರಿಸಲು ಬಂದ ಅಯ್ಯನವರು, "ಬೆನ್ನು ಬಗ್ಗಿಲ್ಲ, ಆಸರೆ ಕೊಡೋದೇ ಬೇಡ" ಎಂದರು. ಅತ್ತೆ ಅಳಲಿಲ್ಲ. ರಾತ್ರಿಯಾಗುವ ಮುಂಚೆ ನನ್ನ ಕಿವಿಯಲ್ಲಿ, "ನಾಳೆ ಬೆಳಿಗ್ಗೆ ಆ ಮಾತು ಕೇಳ್ಬೇಕಾಗಿಲ್ಲ ಕಣಮ್ಮ" ಎಂದರು. ಆ ದನಿಯಲ್ಲಿದ್ದುದು ನೆಮ್ಮದಿಯೇ. ಬೇರೆ ಹೆಸರಿಟ್ಟು ನಾನು ಅವರನ್ನು ಕಾಪಾಡುವುದಿಲ್ಲ.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಒಂದು ಬೆಳಿಗ್ಗೆ ಹಳ್ಳಿಯ ಕಡೆಯ ಗಂಡಸೊಬ್ಬ ಜಗಲಿಯ ಮುಂದೆ ಬಂದು ನಿಂತ. ಮಂಡಿಗೆ ಬೆಲ್ಲ ತಂದವನು. ಗಾಡಿಯಲ್ಲಿ ಮಗ ಮುದುರಿ ಮಲಗಿದ್ದ.

"ಮೇಷ್ಟ್ರು ಅವ್ರಾ? ಹೈದನಿಗೆ ರಾತ್ರಿಯಿಂದ ಹೊಟ್ಟೆನೋವು. ಅವರನ್ನ ಕೇಳು ಅಂದ್ರು."

ನಾನು ಹೊರಗೆ ಹೋಗುವ ಮೊದಲೇ ಅತ್ತೆ ಹೋದರು. ಬಾಗಿಲ ಹಿಂದೆ ನಿಲ್ಲುತ್ತಿದ್ದವರು ಹೊಸಿಲು ದಾಟಿ ಜಗಲಿಯ ಮೇಲೆ ನಿಂತು ಉಸಿರು ತೆಗೆದುಕೊಂಡರು. ಬಾಯಿ ತೆರೆದರು. ಎದುರು ಮನೆಯ ಕಿಟಕಿಗಳಲ್ಲಿ ಮುಖಗಳು ಕಂಡವು. ಬೆಲ್ಲದವನು ಕಾದ.

"ಆಸ್ಪತ್ರೆಗೆ ಕರ್ಕೊಂಡು ಹೋಗಪ್ಪ" ಎಂದರು ಕೊನೆಗೆ. "ಈಗಲೇ ಹೋಗು. ಏನೂ ಕುಡಿಸ್ಬೇಡ."

ಗಾಡಿ ತಿರುಗಿತು. ಅತ್ತೆ ಒಳಗೆ ಬಂದು ಬಾಗಿಲು ಹಾಕಿ, ಅದಕ್ಕೇ ಬೆನ್ನು ಒರಗಿಸಿ ಕುಸಿದು ಕೂತರು. ನಾನು ನೀರು ತಂದೆ. ಮುಟ್ಟಲಿಲ್ಲ.

"ಕುಡಿಸಿದವಳು ನಾನು ಅಂತ ಹೇಳೋಣ ಅಂತಾನೇ ಹೋದೆ ಕಣಮ್ಮ" ಎಂದರು. "ಬಾಯಿ ಬರ್ಲಿಲ್ಲ. ಅವರಿಗೆ ದಿನಾ ಹೆಂಗೆ ಬರ್ತಿತ್ತೋ."